ಮೈಗೆ ತಾಗಬಾರದ ಚೆಂಡು

ಥ್ರೋಬಾಲ್ ಆಡಿ ಬೆಳೆದ ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಒಂದು ಪಾಠ ಮೈಗೂಡಿಬಿಟ್ಟಿರುತ್ತದೆ: ಚೆಂಡು ಮೈಗೆ ತಾಗಬಾರದು. ಬರುವ ಚೆಂಡನ್ನು ಎರಡೂ ಅಂಗೈಯಲ್ಲಿ ಹಿಡಿಯಬೇಕು. ಅದು ಎದೆಗೋ ಹೊಟ್ಟೆಗೋ ತಾಗಿತೋ, ಸೀಟಿ. ಹಿಡಿದ ಮೇಲೆ ಇಟ್ಟುಕೊಂಡು ಕೂರುವಂತೆಯೂ ಇಲ್ಲ, ಮೂರು ಸೆಕೆಂಡಿನೊಳಗೆ ನೆಟ್ಟಿನಾಚೆ ದಾಟಿಸಿಬಿಡಬೇಕು. ನಮ್ಮ ಕಾನ್ವೆಂಟ್ ಶಾಲೆಯ ಪಿ.ಟಿ. ಟೀಚರ್ ಇದನ್ನು ಎಷ್ಟು ಗಟ್ಟಿಯಾಗಿ ತಲೆಗೆ ತುಂಬಿದ್ದರೆಂದರೆ, ಇವತ್ತಿಗೂ ಯಾರಾದರೂ ಕೈಗೆ ಮಗು ಕೊಟ್ಟರೆ ನಾನು ಒಂದು ಗಳಿಗೆ ಅದನ್ನು ಮುಂದಕ್ಕೆ ಚಾಚಿ ಹಿಡಿದುಕೊಂಡೇ ನಿಲ್ಲುತ್ತೇನೆ. ನಗಬೇಡಿ, ನಿಜ.

ಬಹರೈನಿಗೆ ಬಂದ ಮೇಲೂ ಆ ಆಟ ನನ್ನನ್ನು ಬಿಟ್ಟಿರಲಿಲ್ಲ. ಊರಿನ ಕಡೆಯ ಹೆಂಗಸರು ಕೆಲವರು ಸೇರಿ ಶುಕ್ರವಾರ ಸಂಜೆ ಆಡುತ್ತಿದ್ದೆವು. ಹೆಚ್ಚಿನವರು ನರ್ಸುಗಳು. ನಾನು ಮಾತ್ರ ಅದ್ಲಿಯಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಅರಾದ್‌ನ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದ ಗೆಳತಿಯೂ ನರ್ಸ್, ಪುತ್ತೂರಿನ ಕಡೆಯವಳು. ನನ್ನ ಮನೆಮಾತು ಕೊಂಕಣಿ, ಅವಳದ್ದು ತುಳು, ನಮ್ಮಿಬ್ಬರ ಜಗಳಕ್ಕೆ ಕನ್ನಡ. ನನಗೆ ಮದುವೆಯಾಗಿಲ್ಲ, ಅವಳಿಗೆ ಆಗಿ ಮುಗಿದಿತ್ತು. ಹೀಗೆ ಇಬ್ಬರೂ ಯಾರ ಗೊಡವೆಯೂ ಇಲ್ಲದೆ ವರ್ಷಗಟ್ಟಲೆ ಒಂದೇ ಅಡುಗೆಮನೆಯಲ್ಲಿ ಬಾಳಿದೆವು.

ಆಮೇಲೆ ನರ್ಸುಗಳೆಲ್ಲ ಹೋಗತೊಡಗಿದರು. ಒಬ್ಬಳು ಐರ್ಲೆಂಡಿಗೆ, ಇನ್ನೊಬ್ಬಳು ನ್ಯೂಜಿಲೆಂಡಿಗೆ. ಪ್ರತಿ ಸಲವೂ ಕೇಕ್ ಕತ್ತರಿಸಿ, ಫೋಟೋ ಹೊಡೆದು, ಸಮೋಸ ತಿಂದು ಕಳಿಸಿಕೊಟ್ಟೆವು. ನೆಟ್ಟಿನ ಎರಡೂ ಕಡೆ ನಿಲ್ಲುವಷ್ಟು ಜನ ಉಳಿಯದೆ ಆಟ ನಿಂತಿತು. ಕೊನೆಗೆ ನನ್ನ ಗೆಳತಿಗೂ ಇಂಗ್ಲೆಂಡಿನಿಂದ ಕರೆ ಬಂತು. ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನಿಸ್ಟನ್ನು ಯಾವ ದೇಶವೂ ಕರೆಯುವುದಿಲ್ಲ. ಏರ್‌ಪೋರ್ಟ್ ನಮ್ಮ ಮನೆಯಿಂದ ಕೂಗಳತೆಯ ದೂರ. ಅವಳನ್ನು ಬಿಟ್ಟು ಬಂದು ಟ್ಯಾಕ್ಸಿ ಇಳಿಯುವಷ್ಟರಲ್ಲಿ ನನ್ನ ಕಣ್ಣು ಒರೆಸಿ ಆಗಿರಲಿಲ್ಲ.

ಒಬ್ಬಳೇ ಇರುವುದರಲ್ಲಿ ನನಗೆ ಹೆದರಿಕೆ ಇರಲಿಲ್ಲ. ಆದರೆ ಇಲ್ಲಿನ ವಾರದ ರಜೆಯಾದ ಶುಕ್ರವಾರ, ಶನಿವಾರ ಮುಗಿಸಿ ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿನ ಫೋನೆತ್ತಿ "ಗುಡ್ ಮಾರ್ನಿಂಗ್" ಅನ್ನುವಾಗ ದನಿಯೇ ಹೊರಡುತ್ತಿರಲಿಲ್ಲ. ಶುಕ್ರವಾರ ಚರ್ಚಿನ ಪೂಜೆಯಲ್ಲಿ ಹೇಳುವ ಪ್ರಾರ್ಥನೆ ಬಿಟ್ಟರೆ ಎರಡು ದಿನ ಬಾಯಿ ಬಿಡುವ ಪ್ರಸಂಗವೇ ಬಂದಿರುತ್ತಿರಲಿಲ್ಲ. ಡಾಕ್ಟರು ನೆಗಡಿಯಾ ಎಂದು ಕೇಳುತ್ತಿದ್ದರು. ನಾನು ಹೌದು ಅನ್ನುತ್ತಿದ್ದೆ.

ಕುಂದಾಪುರದ ಕಡೆಯ ಒಬ್ಬರು ರೂಟ್ ಕೆನಾಲ್‌ಗೆ ಬರುತ್ತಿದ್ದರು. ಅವರ ಮಗಳು ಇಲ್ಲಿಯೇ ಹುಟ್ಟಿ ಬೆಳೆದು, ಕೆನಡಾದಲ್ಲಿ ಓದಿ, ಕೆಲಸಕ್ಕೆಂದು ಮತ್ತೆ ಇಲ್ಲಿಗೇ ಬಂದಿದ್ದಳು. ಅಮ್ಮನನ್ನು ಕರೆದೊಯ್ಯಲು ಬಂದವಳ ಜೊತೆ ಮಾತಿಗೆ ಮಾತು ಬೆಳೆದು ನಾನು ಥ್ರೋಬಾಲ್ ಆಡುತ್ತಿದ್ದ ಸಂಗತಿ ಹೊರಬಿತ್ತು. ಅವಳ ಕಣ್ಣು ಅರಳಿತು. ಕೆನಡಾದಲ್ಲಿ ಕಲಿತ ಫುಟ್‌ಬಾಲಿಗೆ ಅವಳು ಹೆಂಗಸರದೊಂದು ತಂಡ ಕಟ್ಟುತ್ತಿದ್ದಳು. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಅಮೆರಿಕದವರು ಕೈಯಲ್ಲಿ ಹಿಡಿದು ಓಡುವುದು. ಮೈಮೇಲೆ ಬಿದ್ದು ಕೆಡವುವಂತಿಲ್ಲ. ಎಲ್ಲರ ಸೊಂಟಕ್ಕೂ ಪಟ್ಟಿ ಕಟ್ಟಿ ರಿಬ್ಬನ್ ಇಳಿಬಿಟ್ಟಿರುತ್ತಾರೆ, ಚೆಂಡು ಹಿಡಿದವಳ ರಿಬ್ಬನ್ ಕಿತ್ತರೆ ಅಲ್ಲಿಗೆ ಓಟ ನಿಂತಿತು.

"ನಮ್ಮಲ್ಲಿ ಓಡುವವರು ಸುಮಾರು ಜನ ಇದ್ದಾರೆ, ಎಸೆಯುವವರೇ ಇಲ್ಲ. ಬನ್ನಿ ಆಂಟಿ" ಅಂದಳು.

"ನನಗೆ ನಲವತ್ತನಾಲ್ಕು ಮಗಾ."

"ಕೈಗೆ ಅಲ್ವಲ್ಲ."

ಹೋದೆ. ಆಟದ ಆಸೆಯಿಂದ ಹೋದದ್ದು ಎಂದು ಹೇಳಿದರೆ ಸುಳ್ಳಾಗುತ್ತದೆ. ಶುಕ್ರವಾರ ಸಂಜೆ ಎಲ್ಲಿಗಾದರೂ ಹೋಗಬೇಕಿತ್ತು. ಮುಹರ್ರಕ್‌ನ ಒಂದು ಶಾಲೆಯ ಮೈದಾನವನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಏಪ್ರಿಲ್ ಕೊನೆಯ ಟೂರ್ನಮೆಂಟ್‌ವರೆಗೆ ಆಟ, ಆಮೇಲೆ ಬಿಸಿಲು ಇಳಿಯುವ ಅಕ್ಟೋಬರ್‌ವರೆಗೆ ಮೈದಾನಕ್ಕೆ ಬೀಗ ಎಂದು ಹುಡುಗಿ ಮೊದಲ ದಿನವೇ ಹೇಳಿದ್ದಳು. ಆಗ ಅದನ್ನು ನಾನು ತಲೆಗೆ ಹಚ್ಚಿಕೊಂಡಿರಲಿಲ್ಲ.

ಮಂಗಳೂರು ಸೌತೆಕಾಯಿಯ ಆಕಾರದ ಆ ಚೆಂಡನ್ನು ಮೊದಲ ಸಲ ಎಸೆದಾಗ ಅದು ಮೈದಾನದ ಅರ್ಧ ದಾಟಿತು. ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. ಅಲ್ಲಿಂದ ನಾನು ಅವರ ಕ್ವಾರ್ಟರ್‌ಬ್ಯಾಕ್. ಅಂದರೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ನನ್ನ ಕೈಗೆ, ಅದನ್ನು ಯಾರಿಗೆ ಎಸೆಯುವುದೆಂದು ತೀರ್ಮಾನಿಸುವವಳು ನಾನು. ಅದ್ಲಿಯಾದ ಕಾಫಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಫಿಲಿಪಿನೋ ಹೆಂಗಸು ಮುಂದೆ ಬಗ್ಗಿ ನಿಂತು ಕಾಲುಗಳ ನಡುವಿಂದ ಚೆಂಡನ್ನು ಹಿಂದಕ್ಕೆ ನನಗೆ ಕೊಡುತ್ತಿದ್ದಳು. ವಾರವಿಡೀ ಯಾರಿಗೂ ಬೇಡವಾದವಳನ್ನು ಅಲ್ಲಿ ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದರು. ಅದು ನನಗೆ ಎಷ್ಟು ಇಷ್ಟವಾಯಿತೆಂದರೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ತೊಂದರೆ ಶುರುವಾದದ್ದು ಕಾಲಿನಿಂದ. ಥ್ರೋಬಾಲಿನಲ್ಲಿ ಹಿಡಿದ ಜಾಗದಲ್ಲೇ ನಿಂತು ಎಸೆಯುವುದನ್ನು ಕಲಿತವಳು ನಾನು. ಇಲ್ಲಿ ಚೆಂಡು ಸಿಕ್ಕ ಕೂಡಲೇ ಹಿಂದಕ್ಕೆ ಹೆಜ್ಜೆ ಹಾಕಬೇಕು. ಮೊದಲು ಬಲಗಾಲು, ಅದರ ಮೇಲಿಂದ ಎಡಗಾಲು, ಮತ್ತೆ ಬಲಗಾಲನ್ನು ಊರಿ ನಿಲ್ಲಬೇಕು. ನಿಂತ ಮೇಲೂ ನಿಲ್ಲುವಂತಿಲ್ಲ, ಮಂಡಿ ಸಡಿಲ ಬಿಟ್ಟು ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಲೇ ಇರಬೇಕು. ಎಸೆಯುವಾಗ ಎಡಪಾದ ಎಸೆಯುವ ದಿಕ್ಕಿಗೇ ನೋಡಬೇಕು. ನಾನು ಕಂಬದ ಹಾಗೆ ನಿಂತು ಎಸೆಯುತ್ತಿದ್ದೆ. ಎದುರಿನವರು ಆರಾಮಾಗಿ ಬಂದು ರಿಬ್ಬನ್ ಬಿಚ್ಚಿಕೊಂಡು ಹೋಗುತ್ತಿದ್ದರು.

"ಆಂಟಿ, ಕೈ ದೇವರು ಕೊಟ್ಟದ್ದು. ಈ ಕಾಲು ಎಲ್ಲಿಂದ ತಂದ್ರಿ?" ಎಂದು ಹುಡುಗಿ ಮೈದಾನದ ಆ ತುದಿಯಿಂದ ಕೂಗುತ್ತಿದ್ದಳು.

ಫ್ಲ್ಯಾಟಿನ ಉದ್ದದ ಕಾರಿಡಾರಿನಲ್ಲಿ ಬರಿಗಾಲಲ್ಲಿ ಹಿಂದೆ ಹಿಂದೆ ಹೋಗುತ್ತ ಅಭ್ಯಾಸ ಮಾಡಿದೆ. ಬಾತ್‌ರೂಮಿನ ಬಾಗಿಲಿಗೆ ಬೆನ್ನು ತಾಗಿದರೆ ಒಂದು ಸುತ್ತು ಮುಗಿಯಿತು. ಕಾಲು ಅಂತೂ ದಾರಿಗೆ ಬಂತು. ಆದರೆ ಕೈ ಬರಲಿಲ್ಲ.

ಈ ಆಟದಲ್ಲಿ ಎಸೆಯುವವರೆಗೆ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡಿರಬೇಕು. ನನ್ನ ಕೈಗಳು ಅದನ್ನು ಮೈಯಿಂದ ದೂರ, ಆರತಿ ತಟ್ಟೆ ಹಿಡಿದ ಹಾಗೆ ಹಿಡಿಯುತ್ತಿದ್ದವು. ರಿಬ್ಬನ್‌ಗೆ ಬಂದ ಕೈ ಚೆಂಡಿಗೆ ತಾಗಿ ಅದು ಉರುಳುತ್ತಿತ್ತು. ನಮ್ಮ ಪುಟ್ಟ ಲೀಗಿನ ನಿಯಮದಲ್ಲಿ ಹಾಗೆ ಬಿದ್ದ ಚೆಂಡು ಎದುರಿನವರ ಪಾಲು.

"ಬಾಲನ್ನು ಯಾಕೆ ಅಷ್ಟು ದೂರ ಹಿಡೀತೀರಿ ಆಂಟಿ? ಅದೇನು ಕಚ್ಚುದಿಲ್ಲ."

ನಾನು ಥ್ರೋಬಾಲಿನ ಕತೆ ಹೇಳಿದೆ. ಅವಳು ಕೇಳಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹೀಗೇ ಬೀಳ್ತಾ ಇದ್ರೆ ಟೂರ್ನಮೆಂಟಲ್ಲಿ ನಿಮ್ಮನ್ನು ನಿಲ್ಸ್ಲಿಕ್ಕೆ ಆಗುದಿಲ್ಲ. ಬೇಜಾರು ಮಾಡ್ಬೇಡಿ" ಅಂದಳು.

ಬೇಜಾರು ಮಾಡಬೇಡಿ ಅಂದರೆ ಬೇಜಾರಾಗದೆ ಇರುತ್ತದೆಯೇ? ನಾನು ಮೊದಲೇ ಮುಂಗೋಪಿ. ನಿನ್ನ ಅಮ್ಮನ ಹಲ್ಲಿನ ಅಪಾಯಿಂಟ್‌ಮೆಂಟ್ ಇನ್ನು ಹೇಗೆ ಸಿಗುತ್ತದೆ ನೋಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಒಳಗೆ ಆದದ್ದು ಮಾತ್ರ ಭಯ. ಬದಿಯ ಬೆಂಚಿನಲ್ಲಿ ಕೂರಿಸಿದರೆ ಈ ಶುಕ್ರವಾರಗಳೂ ಕೈಬಿಟ್ಟ ಹಾಗೆಯೇ.

ಆ ವಾರ ಅವಳು ಎಲ್ಲರಿಗೂ ಒಂದೊಂದು ಚೆಂಡು ಕೊಟ್ಟು ಕಳಿಸಿದಳು. ಮನೆಯಲ್ಲಿ ಓಡಾಡುವಾಗೆಲ್ಲ ಅದನ್ನು ಎದೆಗೊತ್ತಿಕೊಂಡಿರಬೇಕು. ಮನೆಯವರು ಯಾವಾಗ ಬೇಕಾದರೂ ಹಿಂದಿನಿಂದ ಬಂದು ತಟ್ಟಿ ಬೀಳಿಸಬಹುದು, ಬೀಳದ ಹಾಗೆ ನೋಡಿಕೊಳ್ಳುವುದೇ ಪಾಠ.

ನಾನು ಚೆಂಡನ್ನು ಬಸ್ಸಿನಲ್ಲಿ ಕ್ಲಿನಿಕ್ಕಿಗೆ ಒಯ್ದೆ, ಕ್ಲಿನಿಕ್ಕಿನಿಂದ ಮನೆಗೆ ತಂದೆ. ಒಂದು ಕೈಯಲ್ಲಿ ಅದನ್ನು ಅವಚಿಕೊಂಡು ಇನ್ನೊಂದು ಕೈಯಲ್ಲಿ ಮೀನು ಹುರಿದೆ. ಟೀವಿ ನೋಡಿದೆ. ಯಾರೂ ಹಿಂದಿನಿಂದ ಬರಲಿಲ್ಲ. ಬರುವವರಾದರೂ ಯಾರು? ವಾರವಿಡೀ ಅದು ನಾನು ಇಟ್ಟಲ್ಲಿ ಇತ್ತು.

ಮುಂದಿನ ಶುಕ್ರವಾರ ಎಲ್ಲರ ಬಾಯಲ್ಲೂ ಅದೇ ಕತೆ. ಒಬ್ಬಳ ಗಂಡ ಅವಳು ಚಹಾ ಸೋಸುವಾಗಲೇ ತಟ್ಟಿ ಬೀಳಿಸಿ ಅಡುಗೆಮನೆಯೆಲ್ಲ ಚಹಾ. ಇನ್ನೊಬ್ಬಳ ಮಕ್ಕಳು ಸೋಫಾದ ಹಿಂದೆ ಅಡಗಿ ಕೂತು ಕಾದಿದ್ದವು. ಕಾಫಿ ಅಂಗಡಿಯವಳ ರೂಮಿನಲ್ಲಿದ್ದವರೆಲ್ಲ ಸೇರಿ ಅವಳನ್ನು ಅಟ್ಟಾಡಿಸಿದ್ದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಹುಡುಗಿ ನನ್ನತ್ತ ತಿರುಗಿ, "ನಿಮ್ಮದು ಎಷ್ಟು ಸಲ ಬಿತ್ತು ಆಂಟಿ?" ಎಂದು ಕೇಳಿದಳು.

"ಒಮ್ಮೆಯೂ ಇಲ್ಲ" ಅಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಫಿ ಅಂಗಡಿಯವಳು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಚಪ್ಪಾಳೆ ಮುಗಿಯುವವರೆಗೆ ನಾನು ನಗುತ್ತ ನಿಂತಿದ್ದೆ. ಅಂಥ ಹಾಳು ಚಪ್ಪಾಳೆಯನ್ನು ಜೀವಮಾನದಲ್ಲಿ ಕೇಳಿಲ್ಲ.

ಮರುದಿನ ಇಂಗ್ಲೆಂಡಿನಿಂದ ಗೆಳತಿಯ ಫೋನ್ ಬಂದಾಗ ಇದನ್ನು ತಮಾಷೆ ಮಾಡಿ ಹೇಳಿದೆ.

"ಎಂತ ಮಾರಾಯ್ತಿ, ನಾನು ಇದ್ದಿದ್ರೆ ನಿನ್ನನ್ನು ಅಡುಗೆಮನೆ ದಾಟ್ಲಿಕ್ಕೆ ಬಿಡ್ತಿದ್ದೆನಾ?" ಅಂದಳು.

"ಬಿಡ್ತಿರ್ಲಿಲ್ಲ."

"ಸ್ನಾನಕ್ಕೆ ಹೋಗುವಾಗ್ಲೂ ಬೀಳಿಸ್ತಿದ್ದೆ."

ಅವಳಿಗೆ ಡ್ಯೂಟಿಯ ಹೊತ್ತಾಗಿತ್ತು. ಫೋನ್ ಇಟ್ಟು ನಾನು ಚೆನ್ನಾಗಿ ಅತ್ತೆ.

ಅದಾದ ಮೇಲಿನ ಅಭ್ಯಾಸದಲ್ಲಿ ಚೆಂಡು ಮತ್ತೆ ಕೈಜಾರಿತು, ಒಂದಲ್ಲ ಹಲವು ಸಲ. ಹುಡುಗಿಗೆ ಅರ್ಥವಾಗಲಿಲ್ಲ. "ಮನೆಯಲ್ಲಿ ಒಮ್ಮೆಯೂ ಬೀಳ್ಲಿಲ್ಲ ಅಂದ್ರಲ್ಲ?" ಎಂದು ಬದಿಗೆ ಕರೆದು ಕೇಳಿದಳು.

"ಬೀಳಿಸ್ಲಿಕ್ಕೆ ಮನೆಯಲ್ಲಿ ಯಾರುಂಟು?" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಅವಳು ಸಮಾಧಾನದ ಮಾತು ಒಂದೂ ಆಡಲಿಲ್ಲ, ಪುಣ್ಯಕ್ಕೆ. ಆ ಸಂಜೆ ಕಾರಿನಲ್ಲಿ ಅರಾದ್‌ವರೆಗೆ ಬಿಡುತ್ತೇನೆ ಅಂದಳು. ಹಾಲು ತರಲೆಂದು ನಮ್ಮ ಬೀದಿಯ ಕೋಲ್ಡ್ ಸ್ಟೋರ್ ಎದುರು ಇಳಿದೆವು. ನಾನು ಚೆಂಡನ್ನು ಅವಚಿಕೊಂಡೇ ಫ್ರಿಜ್ಜಿನ ಬಾಗಿಲು ತೆರೆಯುವಷ್ಟರಲ್ಲಿ ಹಿಂದಿನಿಂದ ಫಟ್ ಎಂದು ಒಂದು ಏಟು. ಚೆಂಡು ಹಾರಿ ಮಜ್ಜಿಗೆ ಬಾಟಲಿಗಳ ನಡುವೆ ಬಿತ್ತು. ಅಂಗಡಿಯ ಮಲಯಾಳಿ ಕಾಕಾ ಇಬ್ಬರನ್ನೂ ಒಟ್ಟಿಗೆ ಬೈದರು.

ಅಲ್ಲಿಂದ ಅದು ಅವಳ ಚಟವಾಯಿತು. ಕಾರಿನ ಬೀಗ ಹಾಕುವಾಗ, ಶೂ ಕಟ್ಟುವಾಗ, ಅಮ್ಮನನ್ನು ಕ್ಲಿನಿಕ್ಕಿಗೆ ಕರೆತಂದಾಗ ರೋಗಿಗಳ ಎದುರೇ ಒಮ್ಮೆ. ನಾನು ಬೈಯುತ್ತಿದ್ದೆ. ಆದರೆ ನಿಧಾನವಾಗಿ ನನ್ನ ಮೊಣಕೈಗಳು ಒಳಗೆ ಬಂದವು, ಚೆಂಡು ಎದೆಗೆ ಅಂಟಿತು. ಮೈಗೆ ಏನಾದರೂ ತಾಗಿಕೊಂಡಿರುವುದಕ್ಕೆ ನಾನು ಹೊಂದಿಕೊಂಡೆ. ಹೀಗೆ ಹೇಳುವಾಗ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ, ಆದರೂ ಸಂಗತಿ ಅದೇ.

ಟೂರ್ನಮೆಂಟಿನ ಕೊನೆಯ ಆಟದ ಹೊತ್ತಿಗೆ ಸೆಕೆ ಶುರುವಾಗಿತ್ತು. ಸೂರ್ಯ ಇಳಿದಿದ್ದರೂ ಮೈದಾನದ ಪ್ಲಾಸ್ಟಿಕ್ ಹುಲ್ಲು ಬಿಸಿಯಾಗಿಯೇ ಇತ್ತು. ಬದಿಯಲ್ಲಿ ಎಲ್ಲರ ಗಂಡಂದಿರು, ಮಕ್ಕಳು, ಜ್ಯೂಸಿನ ಡಬ್ಬಿಗಳು. ನಾನು ಚೆನ್ನಾಗಿ ಆಡಿದೆ, ಇದರಲ್ಲಿ ಸಂಕೋಚ ಬೇಡ. ಕಾಲು ಹೇಳಿದ ಹಾಗೆ ಕೇಳಿತು, ಚೆಂಡು ಒಮ್ಮೆಯೂ ಜಾರಲಿಲ್ಲ. ಆಟ ಮುಗಿಯಲು ಅರ್ಧ ನಿಮಿಷವೂ ಉಳಿದಿರದಾಗ ನಾವು ಆರೇ ಆರು ಪಾಯಿಂಟ್, ಅಂದರೆ ಚೆಂಡನ್ನು ಒಂದು ಸಲ ಗೆರೆ ದಾಟಿಸುವಷ್ಟು, ಮುಂದಿದ್ದೆವು, ಚೆಂಡು ನಮ್ಮ ಕೈಯಲ್ಲಿತ್ತು.

ಹುಡುಗಿ ಓಡಿ ಬಂದಳು. "ಆಂಟಿ, ಇನ್ನು ಎಸೆಯುದು ಬೇಡ. ಬಾಲ್ ಹಿಡ್ಕೊಂಡು ಒಂದು ಮಂಡಿ ಊರಿ, ಅಷ್ಟೇ. ಗಡಿಯಾರ ಓಡಿ ಹೋಗ್ತದೆ, ಗೆದ್ದ ಹಾಗೆ."

ಚೆಂಡು ಕೈಗೆ ಬಂತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ಆಗ ನನಗೆ ಒಮ್ಮೆಲೇ ಹೊಳೆಯಿತು: ನಾನು ಮಂಡಿ ಊರಿದ ಕೂಡಲೇ ಇದೆಲ್ಲ ಮುಗಿಯುತ್ತದೆ. ಸೀಟಿ, ಚಪ್ಪಾಳೆ, ಫೋಟೋ, ಆಮೇಲೆ ಗೇಟಿಗೆ ಬೀಗ. ಮೇ, ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಎಸೆದರೆ? ಎಸೆದದ್ದು ಎದುರಿನವರಿಗೆ ಸಿಕ್ಕರೆ ಅವರು ಸರಿಸಮ ಮಾಡಬಹುದು, ಆಟ ಇನ್ನಷ್ಟು ಹೊತ್ತು ನಡೆಯಬಹುದು. ಒಂದು ಕ್ಷಣ ನನ್ನ ಬಲಗೈ ಭುಜದವರೆಗೆ ಏರಿಯೂ ಬಿಟ್ಟಿತ್ತು. ಕಾಫಿ ಅಂಗಡಿಯವಳು ತಿರುಗಿ ನನ್ನ ಮುಖ ನೋಡಿದಳು. ಅವಳು ಗೆಲುವಿನ ಆಸೆಯಲ್ಲಿದ್ದಳು, ಎಲ್ಲರೂ ಆ ಆಸೆಯಲ್ಲೇ ಇದ್ದರು.

ಕೈ ಇಳಿಸಿದೆ. ಚೆಂಡನ್ನು ಎದೆಗೊತ್ತಿಕೊಂಡು ಮಂಡಿ ಊರಿದೆ.

ಸೀಟಿ ಕೇಳಿತು. ಎಲ್ಲರೂ ಕಿರುಚುತ್ತ ಬದಿಗೆ ಓಡಿದರು. ಮಕ್ಕಳು ಅಮ್ಮಂದಿರ ಕೊರಳಿಗೆ ಜೋತುಬಿದ್ದರು, ಒಬ್ಬ ಗಂಡ ಹೆಂಡತಿಯನ್ನು ಎತ್ತಿಯೇಬಿಟ್ಟ. ನನ್ನಿಂದ ಏಳಲಾಗಲಿಲ್ಲ. ಎದ್ದರೆ ಎಲ್ಲಿಗೆ ಓಡುವುದೆಂದು ತಿಳಿಯಲಿಲ್ಲ.

ಹುಡುಗಿ ಅತ್ತಿತ್ತ ಹುಡುಕಿ ನನ್ನನ್ನು ನೋಡಿ ಓಡಿ ಬಂದಳು. ನನ್ನ ಮುಖ ಕಂಡು ಅವಳ ನಗು ಮಾಯವಾಯಿತು.

"ಎಂತಾಯ್ತು ಆಂಟಿ? ಕಾಲು ಹಿಡ್ಕೊಂಡಿತಾ?"

"ಹೌದು ಮಗಾ" ಅಂದೆ.

ಅವಳು ಬಿಸಿ ಹುಲ್ಲಿನ ಮೇಲೆ ಕೂತು, ನನ್ನ ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು ಮೀನಖಂಡ ಒತ್ತತೊಡಗಿದಳು. "ಇಲ್ಲಿಯಾ? ಇಲ್ಲಿಯಾ?" ಎಂದು ಕೇಳುತ್ತ ಹೋದಳು. ಕಾಲಿಗೆ ಏನೂ ಆಗಿರಲಿಲ್ಲ. ಅವಳು ಕೇಳಿದ್ದಕ್ಕೆಲ್ಲ ನಾನು ಹೌದು ಹೌದು ಅನ್ನುತ್ತಿದ್ದೆ.