ಬೀಜಾಡಿಯ ಮರಳಲ್ಲಿ ಸುಗುಣಕ್ಕನ ಸೀಟಿ

ಬೀಜಾಡಿಯ ಕಡಲ ತಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚೂಡಿದಾರ ತೊಟ್ಟು, ಶಾಲನ್ನು ಸೊಂಟಕ್ಕೆ ಬಿಗಿದ ಹತ್ತಾರು ಹೆಂಗಸರು ಒದ್ದೆ ಮರಳಿನಲ್ಲಿ ಸಾಲಾಗಿ ನಿಂತಿದ್ದಾರೆ. ಅವರ ಚಪ್ಪಲಿಗಳೆಲ್ಲ ಕವುಚಿಟ್ಟ ದೋಣಿಯ ಪಕ್ಕ ರಾಶಿ ಬಿದ್ದಿವೆ. ಸುಗುಣ ಸೀಟಿ ಊದಿದ್ದೇ ತಡ, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಕುಕ್ಕರಗಾಲಲ್ಲಿ ಕೂತು ಮೇಲಕ್ಕೆ ಹಾರುತ್ತಾರೆ, ಮತ್ತೆ ಕೂರುತ್ತಾರೆ, ಮತ್ತೆ ಹಾರುತ್ತಾರೆ. ದೂರ ನಿಂತು ಬರೀ ನೋಡುತ್ತಿರುವ ನನಗೇ ಏದುಸಿರು.

“ಹ್ವಾಯ್, ಬೆನ್ನ್ ಬಗ್ಸ್‌ಬ್ಯಾಡಿ! ಎದಿ ಮೇಲಿರ್ಲಿ!” ಎಂದು ಸುಗುಣ ಕೂಗುತ್ತಾರೆ. ಕೊನೆಯ ಸಾಲಿನಲ್ಲಿ ಹಾರದೆ ಬರೀ ಕೂತೆದ್ದು ಮಾಡುತ್ತಿರುವ ಪದ್ದಕ್ಕ, ಕೋಟೇಶ್ವರದ ಪೇಟೆಯಲ್ಲಿ ಮೀನು ಮಾರುವ ಹಿರಿಯ ಹೆಂಗಸು, ನನ್ನತ್ತ ತಿರುಗಿ, “ಪೇಪರ್‌ನವ್ರೇ, ಬರುದ್ ಸಾಕ್, ನೀವೂ ಬನ್ನಿ ಕಾಂಬ” ಎಂದು ಕಿಚಾಯಿಸುತ್ತಾರೆ. ನಾನು ಜಾಣತನದಿಂದ ಪೆನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ.

ಸುಗುಣ ಇದೇ ಊರಿನವರು. ಗಂಡ ಸುಧಾಕರ ಆಳಸಮುದ್ರದ ಬೋಟಿಗೆ ಹೋದರೆ ವಾರಗಟ್ಟಲೆ ದಡ ಕಾಣುವುದಿಲ್ಲ. ಕಡಲ ತಡಿಯ ಪಾಠ ಮುಗಿಸಿ ಸುಗುಣ ಬಸ್ಸು ಹಿಡಿಯುತ್ತಾರೆ. ಕುಂದಾಪುರ ಪೇಟೆಯ ಮಹಿಳೆಯರ ಜಿಮ್ಮೊಂದರ ಬಾಗಿಲು ತೆರೆಯುವುದು, ನೆಲ ಒರೆಸುವುದು, ಬೆವರು ಹತ್ತಿದ ಚಾಪೆಗಳನ್ನು ತೊಳೆದು ಒಣಹಾಕುವುದು ಅವರ ನೌಕರಿ.

“ನೆಲ ಒರ್ಸುಕೆ ಹೋದವ್ಳ್ ನಾನ್. ಅವ್ರೆಲ್ಲ ಹಾರೂದ್ ಕಂಡ್ ಕಂಡ್ ನನ್ ಕಾಲೂ ಸುಮ್ನೆ ನಿಲ್ಲಲ್ಲೆ ಅಂತು. ಬಾಗ್ಲ್ ಹಾಕಂಡ್ ಒಬ್ಳೇ ಹಾರ್ತಿದ್ದೆ. ಒಂದಿನ ಶರಣ್ಯಾ ಮೇಡಂ ಕಂಡ್ರ್. ಬೈತ್ರ್ ಅಂದ್ಕಂಡ್ರೆ, ‘ಇನ್ನೊಂದ್ಸಲ ಮಾಡಿ, ಕಾಂಬ’ ಅಂದ್ರ್.”

ಜಿಮ್ಮಿನ ಒಡತಿ ಶರಣ್ಯಾ ಅಂದು ಕಂಡದ್ದನ್ನು ಮರೆಯಲಿಲ್ಲ. ಹೈ ಇಂಟೆನ್ಸಿಟಿ ವ್ಯಾಯಾಮದ ತರಬೇತುದಾರರ ಕೋರ್ಸಿಗೆ ಸುಗುಣರನ್ನು ಅವರೇ ಸೇರಿಸಿದರು. ಮೈಯ ಅಷ್ಟೂ ಶಕ್ತಿ ಹಾಕಿ ನಲವತ್ತು ಸೆಕೆಂಡು ದುಡಿಯುವುದು, ಇಪ್ಪತ್ತು ಸೆಕೆಂಡು ಉಸಿರು ತಿರುಗಿಸಿಕೊಳ್ಳುವುದು, ಮತ್ತೆ ಶುರು ಮಾಡುವುದು. ಕೇಳಲು ಇಷ್ಟೇ. ಪ್ರಮಾಣಪತ್ರ ಸಿಕ್ಕರೆ ಸಂಜೆಯ ಬ್ಯಾಚು ಸುಗುಣರದ್ದು, ಸಿಗದಿದ್ದರೆ ಬೇರೆ ಊರಿನಿಂದ ಕೋಚ್ ಬರುತ್ತಾರೆ ಎಂದು ಶರಣ್ಯಾ ಮೊದಲೇ ಮುಲಾಜಿಲ್ಲದೆ ಹೇಳಿದ್ದರು.

ಪಾಠವೆಲ್ಲ ಇಂಗ್ಲಿಷಿನಲ್ಲಿ. ಶರಣ್ಯಾ ಅದನ್ನು ಕನ್ನಡದಲ್ಲಿ ಹೇಳಿ ಮೊಬೈಲಿಗೆ ಕಳಿಸುತ್ತಿದ್ದರು. ಸುಗುಣ ಬಂಗುಡೆ ಮೀನು ಹೆಚ್ಚುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದರು. ರಜೆಯಲ್ಲಿ ದಡಕ್ಕೆ ಬಂದ ಸುಧಾಕರ ಒಂದು ದಿನ ತಡೆಯಲಾರದೆ, “ಅಲ್ದೇ, ಈ ಗ್ಲೂಟಿಯಸ್ ಅಂದ್ರೆ ಎಂತ ಮೀನ್?” ಎಂದು ಕೇಳಿದರಂತೆ. ಅದು ಕುಂಡೆಯ ಸ್ನಾಯುವಿನ ಹೆಸರು ಎಂದು ಹೇಳುವಾಗ ಸುಗುಣ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಬರೆಯುವ ಪರೀಕ್ಷೆ ಹೇಗೋ ದಾಟಿತು. ಎಡವಿದ್ದು ಬ್ರಹ್ಮಾವರದಲ್ಲಿ ನಡೆದ ಪ್ರಾಯೋಗಿಕ ಪರೀಕ್ಷೆಯಲ್ಲಿ. ತರಬೇತಿ ಕೊಟ್ಟು ತೋರಿಸಲೆಂದು ಮುಂದೆ ನಿಲ್ಲಿಸಿದ ಹುಡುಗಿಯರಲ್ಲಿ ಒಬ್ಬಳು ಹಿಂದೆ ಬಿದ್ದಳು. ಸಮಯ ಮುಗಿದರೂ ಸುಗುಣ ಸೀಟಿ ಊದಲಿಲ್ಲ, ಸುತ್ತಿಗೆ ಇಷ್ಟು ಎಂದು ಹೇಳಿದ ಎಣಿಕೆ ಆ ಹುಡುಗಿಯದ್ದೂ ಮುಗಿಯಲಿ ಎಂದು ಕಾದರು. ಪ್ರತಿ ಸುತ್ತಿನಲ್ಲೂ ಹೀಗೇ ಆಗಿ ವಿಶ್ರಾಂತಿಯ ಹೊತ್ತು ಕರಗಿಹೋಯಿತು. ಕೊನೆಗೆ ಆ ಹುಡುಗಿ ತತ್ತರಿಸಿ ಗೋಡೆ ಹಿಡಿದುಕೊಂಡಳು. ಪರೀಕ್ಷಕ ಯತೀಶ್ ಮೆತ್ತಗೆ, “ನೀವು ಅವಳಿಗೆ ಉಪಕಾರ ಮಾಡ್ಲಿಲ್ಲ. ಅವಳ ವಿಶ್ರಾಂತಿಯನ್ನೇ ಕಸ್ಕೊಂಡ್ರಿ” ಎಂದರು. ಇನ್ನೊಂದೇ ಅವಕಾಶ ಉಳಿಯಿತು.

ಕಾಯುವುದು ಸುಗುಣರಿಗೆ ರಕ್ತದಲ್ಲೇ ಬಂದದ್ದು. ಅಪ್ಪ ಬಚ್ಚ ಕೈರಂಪಣಿ ಎಳೆಯುತ್ತಿದ್ದವರು. ಕಡಲಿಗೆ ಅರ್ಧಚಂದ್ರದಂತೆ ಬಿಟ್ಟ ಆ ದೊಡ್ಡ ಬಲೆಯ ಎರಡು ತುದಿಯ ಹಗ್ಗಗಳನ್ನು ಎರಡು ಗುಂಪಿನವರು ದಡದಿಂದ ಎಳೆಯಬೇಕು. ಒಂದು ಗುಂಪು ಮುಂದೆ ಹೋದರೆ ಬಲೆ ಓರೆಯಾಗಿ ಮೀನು ಜಾರುತ್ತದೆ. ಹಾಗಾಗಿ ಹಿಂದುಳಿದವರು ಸಮಕ್ಕೆ ಬರುವ ತನಕ ಮುಂದಿನವರು ಹಗ್ಗ ಬಿಗಿ ಹಿಡಿದು ಕಾಯುತ್ತಾರೆ. ಚಿಕ್ಕಂದಿನಲ್ಲಿ ಸುಗುಣರೂ ಆ ಹಗ್ಗ ಹಿಡಿದವರೇ. ಮಗಳು ಫೇಲಾದ ಕಾರಣ ಕೇಳಿ ಬಚ್ಚಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ. “ಅದ್ ಎಂತ ಪರೀಕ್ಷಿ ಮರ್ರೆ? ಹಿಂದ್ ಉಳ್ದವ್ರನ್ನ ಕಾದದ್ದಕ್ಕೆ ಫೇಲಾ?” ಎಂದು ಇಂದಿಗೂ ನನ್ನ ಹತ್ತಿರ ತಕರಾರು ತೆಗೆಯುತ್ತಾರೆ.

ತಪ್ಪು ಗೊತ್ತಾದರೂ ಅಭ್ಯಾಸ ಬಿಡಲಿಲ್ಲ. ಊರಿನ ಹೆಂಗಸರನ್ನು ಸೇರಿಸಿ ಮರಳಿನಲ್ಲಿ ತಾಲೀಮು ಶುರುಮಾಡಿದಾಗಲೂ ಸೀಟಿ ಬಾಯಲ್ಲೇ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ಉಳಿದವರದ್ದೆಲ್ಲ ಮುಗಿದು ಪದ್ದಕ್ಕನದ್ದು ಬಾಕಿಯಿತ್ತು. ಎಲ್ಲರೂ ಅವರನ್ನೇ ನೋಡುತ್ತಾ ನಿಂತರು. ಪದ್ದಕ್ಕ ಹಾರಿದರು, ಮತ್ತೂ ಹಾರಿದರು, ಆಮೇಲೆ ಮುಖ ಬಿಳಿಚಿ ಮರಳಿಗೆ ಕುಸಿದರು. ಸುಗುಣ ಓಡಿಹೋಗಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶಾಲಿನಿಂದ ಗಾಳಿ ಹಾಕಿದರು. ಕಣ್ಣು ಬಿಟ್ಟ ಪದ್ದಕ್ಕನ ಮಾತು ಸುಗುಣರನ್ನು ಈಗಲೂ ಚುಚ್ಚುತ್ತದೆ.

“‘ನೀವೆಲ್ಲ ನಂಗಾಯಿ ಕಾದ್ಕಂಡ್ ನಿಂತ್ರಿ. ನಂಗ್ ನಾಚ್ಗಿ ಆಯ್ತ್ ಹೆಣೆ. ಆತಿಲ್ಲೆ ಅಂತ ಹೇಳುಕೂ ಬಾಯ್ ಬರ್ಲಿಲ್ಲೆ’ ಅಂದ್ರ್. ನಾನ್ ಗೊಳೋ ಅಂತ ಮರ್ಕಿದೆ. ಕಾದ್ರೆ ಅವ್ರಿಗ್ ಒಳ್ಳೇದ್ ಅಂದ್ಕಂಡಿದ್ದೆ. ಕಾಯೂದೂ ಒಂದ್ ಭಾರವೇ ಅಂತ ನಂಗ್ ಗೊತ್ತಿರ್ಲಿಲ್ಲೆ.”

ಅಂದಿನಿಂದ ಸುಗುಣ ತಾಲೀಮಿನ ಹೊತ್ತಿನಲ್ಲಿ ಗಡಿಯಾರದಿಂದ ಕಣ್ಣು ತೆಗೆಯುವುದಿಲ್ಲ. ಮುಗಿಸದವರೂ ಸೀಟಿ ಬಿದ್ದೊಡನೆ ನಿಲ್ಲಬೇಕು. ಪದ್ದಕ್ಕ ವೈದ್ಯರಿಗೆ ತೋರಿಸಿಕೊಂಡು ಬಂದು, ಈಗ ಹಾರುವ ಬದಲು ಕೂತೆದ್ದು ಮಾಡುತ್ತಾರೆ. ಅವರಿಗೆ ಅಷ್ಟೇ ಸಾಕು ಎಂದು ಸುಗುಣ ಎಲ್ಲರೆದುರು ಹೇಳಿದ್ದಾರೆ.

ಎರಡನೆಯ ಪರೀಕ್ಷೆಗೆ ನಾನೂ ಬ್ರಹ್ಮಾವರಕ್ಕೆ ಹೋಗುತ್ತೇನೆ. ಈ ಬಾರಿ ಕೊನೆಯಲ್ಲಿ ನಿಂತಿರುವುದು ಒಬ್ಬ ದಪ್ಪನೆಯ ಹೆಂಗಸು. ಎರಡನೇ ಸುತ್ತಿಗೇ ಆಕೆ ಹಿಂದೆ ಬೀಳುತ್ತಾರೆ, ಕಣ್ಣಲ್ಲಿ ಗಾಬರಿ. ಸುಗುಣರ ಹೆಜ್ಜೆ ತಂತಾನೇ ಅತ್ತ ಸರಿಯುತ್ತದೆ. ಸಮಯ ಮುಗಿಯುತ್ತದೆ, ಸೀಟಿ ಬೀಳುತ್ತದೆ. ಅರ್ಧಕ್ಕೇ ನಿಂತ ಆ ಹೆಂಗಸು “ಸಾರಿ, ಮುಗೀಲಿಲ್ಲ” ಎನ್ನುತ್ತಾರೆ. “ಆದಷ್ಟೇ ಲೆಕ್ಕ. ಉಸ್ರ್ ತಕಣಿ” ಎಂದು ಸುಗುಣ ಅವರ ಬೆನ್ನು ನೇವರಿಸುತ್ತಾರೆ. ಯತೀಶ್ ತಲೆಯೆತ್ತಿ ಸಣ್ಣಗೆ ನಗುತ್ತಾರೆ. ಪಾಸಾಗಿದೆ ಎಂದು ಅಲ್ಲೇ ತಿಳಿಯುತ್ತದೆ, ಶರಣ್ಯಾಗೆ ಫೋನೂ ಹೋಗುತ್ತದೆ.

ಕುಂದಾಪುರದ ಬಸ್ಸಿನಲ್ಲಿ ಸುಗುಣ ಕಿಟಕಿಯ ಪಕ್ಕ ಕೂರುತ್ತಾರೆ. ಸಂಜೆಯ ಬ್ಯಾಚಿನಲ್ಲಿ ಹೊಸದಾಗಿ ಏನು ಕಲಿಸುತ್ತೀರಿ ಎಂದು ನಾನು ಕೇಳುತ್ತೇನೆ. ಅವರು ಕಿಟಕಿಯಿಂದ ಮುಖ ತಿರುಗಿಸುತ್ತಾರೆ.

“ನಮ್ ಬದಿ ಹೆಂಗ್ಸ್ರಿಗೆ ದುಡೂಕೆ ಯಾರೂ ಕಲ್ಸೂದ್ ಬ್ಯಾಡ ಕಾಣಿ. ಎಳಿ, ಹೊರು, ಬೇಗ ಮಾಡ್ ಅಂತ ಹೇಳುಕೆ ಮನಿ ತುಂಬ ಜನ ಇದ್ರ್. ‘ಸಾಕ್, ಕೂಕೋ’ ಅಂತ ನನ್ ಹೆತ್ತಬ್ಬಿಗೆ ಯಾರೂ ಒಂದಿನ ಹೇಳ್ದದ್ ನಾನ್ ಕೇಳ್ಲಿಲ್ಲೆ. ಇನ್ ಮೇಲೆ ಅದನ್ ಹೇಳೂದೇ ನನ್ ಕೆಲ್ಸ.”