ಮೂರು ಕೆಲಸ ಸೇರಲಿ

ನಮ್ಮ ತಗಡೂರಿನ ರಾಜೇಂದ್ರನ ಸ್ಕೂಟರ್ ಪೆಟ್ರೋಲಿನಿಂದ ಓಡುತ್ತಿದ್ದದ್ದು ಕಡಿಮೆ, ಇಳಿಜಾರಿನಿಂದ ಓಡುತ್ತಿದ್ದದ್ದೇ ಹೆಚ್ಚು. ಇಳಿಜಾರು ಕಂಡರೆ ಸಾಕು, ಎಂಜಿನ್ ಆಫ್ ಮಾಡಿ, ಗಾಳಿಗೆ ಅಂಗಿ ಉಬ್ಬದಂತೆ ಮೊಣಕೈ ಒತ್ತಿಕೊಂಡು, ಎದುರು ಸಿಕ್ಕವರಿಗೆ ತಲೆಯನ್ನೂ ಆಡಿಸದೆ ಉರುಳಿಕೊಂಡು ಹೋಗುತ್ತಿದ್ದ. ಪೆಟ್ರೋಲ್ ದರ ಏರಿದಾಗ ಮನೆಗೊಂದು ಕಾನೂನು ಮಾಡಿದ. ಯಾರಿಗೆ ಪೇಟೆಯಲ್ಲಿ ಏನೇ ಕೆಲಸವಿರಲಿ, ಚೀಟಿ ಬರೆದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಬೇಕು. ಮೂರು ಚೀಟಿ ಸೇರಿದರಷ್ಟೇ ನಂಜನಗೂಡಿಗೆ ಗಾಡಿ. "ಒಂದ್ ಕೆಲ್ಸಕ್ಕೆಲ್ಲ ಗಾಡಿ ತೆಗಿಯಕ್ಕಾಯ್ತದಾ? ಮೂರು ಸೇರ್ಲಿ, ಓಗಣ" ಎನ್ನುವುದು ಅವನ ಮಂತ್ರ. ನರಸೀಪುರದ ಭಾವ ತೀರಿಕೊಂಡಾಗ ಸಾವಿನ ಮನೆಗೆ ಕೆಟ್ಟ ಮಿಕ್ಸಿ ಹಿಡಿದುಕೊಂಡೇ ಹೋದವನು ಅವನು. ಬರುವ ದಾರಿಯಲ್ಲಿ ರಿಪೇರಿಯ ಅಂಗಡಿಯಿತ್ತಲ್ಲ! ಈ ಬೇಸಿಗೆಯಲ್ಲಿ, ಸಕ್ಕರೆ ಕಾಯಿಲೆಯ ಹೆಂಡತಿ ಕೋಮಲ ಬಸ್ ಸ್ಟಾಪಿನವರೆಗೂ ನಡೆಯಲಾಗದೆ, 'ಕಾಲಿನ ಗಾಯ ತೋರಿಸಬೇಕು' ಎಂದು ಬರೆದು ಸಿಕ್ಕಿಸಿದಳು. ಮಾರನೆಯ ದಿನವೇ ಗೋಡೆ ಗಡಿಯಾರದ ರಿಪೇರಿ ಎರಡನೆಯ ಚೀಟಿಯಾಯಿತು. ಮೂರನೆಯದು ಬರಲು ಹದಿನೆಂಟು ದಿನ ಹಿಡಿಯಿತು. ಅಷ್ಟರಲ್ಲಿ ಬೆರಳುಗಳು ಕಪ್ಪಾಗಿದ್ದವು. ಡಾಕ್ಟರು ಅರ್ಧ ಪಾದವನ್ನೇ ತೆಗೆದರು. ಈಗ ಆ ಮೊಳೆ ಗೋಡೆಯಲ್ಲಿಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ, ಬೇರೆ ಯಾವ ಕೆಲಸವನ್ನೂ ಸೇರಿಸದೆ, ಅವಳೊಬ್ಬಳನ್ನೇ ಕೂರಿಸಿಕೊಂಡು ಹೋಗುತ್ತಾನೆ. ಇಳಿಜಾರು ಬಂದಾಗ ಹಿಂದಿನ ಸೀಟಿನಿಂದ ಅವಳೇ ಅವನ ಭುಜ ತಟ್ಟುತ್ತಾಳೆ: "ಇಳಿಜಾರು ಬಂತು ಕಣ್ರೀ, ಆಫ್ ಮಾಡಿ." ಅವನು ಕೇಳಿಸದವನಂತೆ ಎಂಜಿನ್ ಓಡಿಸುತ್ತಲೇ ಇರುತ್ತಾನೆ.