ಔಷಧಿ ಹೇಳಿದವರಿಗೇ ಕುಡಿಸಿದ ಗಿರಿಜತ್ತೆ

ನನಗೆ ಔಷಧಿ ಹೇಳಲು ಬಂದವರು ಅದನ್ನು ಮೊದಲು ತಾವು ಕುಡಿಯಬೇಕು ಎಂಬುದು ಗಿರಿಜತ್ತೆಯ ಕಾನೂನಾಗಿತ್ತು. ಹಚ್ಚುವ ಔಷಧಿಯಾದರೆ ಅವರ ಕೈಗೇ ಮೊದಲು ಹಚ್ಚುತ್ತಿದ್ದಳು. ಹೀಗಾಗಿ ಭದ್ರಾವತಿಯ ನಮ್ಮ ಬೀದಿಯಲ್ಲಿ ಪುಕ್ಕಟೆ ವೈದ್ಯರ ಸಂಖ್ಯೆ ಬಹಳ ಬೇಗ ಇಳಿಯಿತು.

ಗಿರಿಜತ್ತೆ ಅಪ್ಪನ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾಗಿ ನಮ್ಮ ಜೊತೆಗೇ ಇದ್ದಳು. ಊರಿನವರ ಮಾತನ್ನೆಲ್ಲ ಕೇಳಿ ಕೇಳಿ ಯಾರ ಮಾತಿಗೂ ಮೂರು ಕಾಸಿನ ಬೆಲೆ ಕೊಡದವಳಾಗಿದ್ದಳು. ತಿಂಗಳಿಗೊಮ್ಮೆ ಕೂದಲಿಗೆ ಡೈ ಹಚ್ಚುವ ಭರದಲ್ಲಿ ಅರ್ಧ ಹಣೆಗೂ ಬಳಿದುಕೊಂಡು, ನನ್ನ ಮುಖದ ಮಚ್ಚೆ ತೋರಿಸಿ, "ನಿಂದು ಬಿಳಿ, ನಂದು ಕರಿ. ಇಬ್ರೂ ಸೇರಿದ್ರೆ ಚೆಸ್ ಬೋರ್ಡು" ಎನ್ನುತ್ತಿದ್ದಳು.

ನನಗೆ ಹತ್ತು ವರ್ಷವಿದ್ದಾಗ ತುಟಿಯ ಸುತ್ತ, ಬೆರಳುಗಳ ಮೇಲೆ ಬಿಳಿ ಮಚ್ಚೆಗಳು ಬಂದವು. ತೊನ್ನು. ಶಿವಮೊಗ್ಗದ ಚರ್ಮದ ಡಾಕ್ಟರು, ಇದು ಅಂಟುವಂಥದ್ದಲ್ಲ, ಮುಲಾಮು ಕೊಡುತ್ತೇನೆ, ಪೂರ್ತಿ ಹೋಗುತ್ತದೆಂದು ಹೇಳಲಾರೆ, ಮಗುವಿನ ಮನಸ್ಸು ನೋಡಿಕೊಳ್ಳಿ ಎಂದರು. ಅಮ್ಮ ಮನಸ್ಸು ನೋಡಿಕೊಂಡ ರೀತಿ ಏನೆಂದರೆ, ದಿನಾ ಬೆಳಿಗ್ಗೆ ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಮಚ್ಚೆ ಎಷ್ಟು ಹರಡಿದೆ ಎಂದು ಪರೀಕ್ಷಿಸಿ ಅಳುವುದು. ಅಪ್ಪ ಬೆರಳು ಮುಚ್ಚುವಷ್ಟು ಉದ್ದ ತೋಳಿನ ಅಂಗಿಗಳನ್ನು ತಂದ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ನಾನು ಕೈ ಎತ್ತುವುದನ್ನು ನಿಲ್ಲಿಸಿದೆ.

"ಏನೇ ಇದು, ಗೋಡೆಗೆ ನೀರು ಎಷ್ಟು ಇಳಿದಿದೆ ಅಂತ ನೋಡೋ ಹಾಗೆ ಮಗು ಮುಖ ನೋಡ್ತೀಯ!" ಎಂದು ಅತ್ತೆ ಒಂದು ದಿನ ಅಮ್ಮನನ್ನು ಗದರಿದಳು. "ಅಳಬೇಕು ಅನ್ಸಿದ್ರೆ ಟೀವಿ ಹಾಕು. ಅದಕ್ಕೇ ಅಂತ ಸೀರಿಯಲ್ ಇದೆ."

ಎದುರು ಮನೆಯ ಸರೋಜಮ್ಮ ಬೇವು, ಹಾಗಲ ಎಲ್ಲ ಸೇರಿಸಿ ಕುದಿಸಿದ ಕಷಾಯವನ್ನು ತಂಬಿಗೆ ತುಂಬ ತಂದರು. "ಮೀನು ತಿಂದು ಹಾಲು ಕುಡಿದ್ರೆ ಹೀಗಾಗುತ್ತಂತೆ ಕಣ್ರೀ" ಎಂದು ಕಾರಣವನ್ನೂ ಜೊತೆಗೇ ತಂದಿದ್ದರು. ನಮ್ಮದು ಮೊಟ್ಟೆಯ ಹೆಸರೆತ್ತಿದರೂ ಮುಖ ಸಿಂಡರಿಸುವ ಮನೆ.

"ನಮ್ಮನೇಲಿ ಮೀನು ಇರೋದು ಇವ್ಳ ಪಾಠದ ಪುಸ್ತಕದಲ್ಲಿ ಮಾತ್ರ. ಇರ್ಲಿ, ಮೊದ್ಲು ನೀವು ಒಂದು ಲೋಟ ಕುಡೀರಿ" ಎಂದಳು ಅತ್ತೆ.

"ಅಯ್ಯೋ, ನಂಗೇನಾಗಿದೆ?"

"ಇವ್ಳಿಗೇನಾಗಿದೆ? ಚೆನ್ನಾಗೇ ಇದಾಳೆ. ಕುಡೀರಿ."

ಸರೋಜಮ್ಮ ಕುಡಿದರು. ಅವರ ಮುಖ ನೋಡಿ ನಾನು ಎಷ್ಟೋ ತಿಂಗಳ ನಂತರ ನಕ್ಕೆ. ಅವರು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಸಂಕ್ರಾಂತಿಯ ಎಳ್ಳನ್ನೂ ಮಗಳ ಕೈಯಲ್ಲಿ ಕಳಿಸಿದರು.

ಮುಂದಿನ ವರ್ಷ ಶಿವಮೊಗ್ಗದಲ್ಲಿ ದೊಡ್ಡಪ್ಪನ ಮಗಳ ಮದುವೆ. ವಧುವಿನ ಪಕ್ಕ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ನಾನು. ಮುಹೂರ್ತಕ್ಕೆ ಸ್ವಲ್ಪ ಮುಂಚೆ ದೊಡ್ಡಮ್ಮ ಬಿಳಿ ಲೇಸಿನ ಗ್ಲೌಸ್ ತಂದು ನನ್ನ ಕೈಗೆ ತೊಡಿಸಿದರು. "ಗಂಡಿನ ಕಡೆಯವ್ರು ಏನಾದ್ರೂ ಅಂದ್ಕೋತಾರೆ ಪುಟ್ಟಿ. ಈಗ ಇದೇ ಫ್ಯಾಷನ್ನು." ರೇಷ್ಮೆ ಲಂಗ, ಮೊಗ್ಗಿನ ಜಡೆ, ಕೈಗೆ ಗ್ಲೌಸು. ಕಳಸದ ಬದಲು ಸೀಟಿ ಕೊಟ್ಟಿದ್ದರೆ ಗೋಪಿ ಸರ್ಕಲ್ಲಿನಲ್ಲಿ ಟ್ರಾಫಿಕ್ ನೋಡಿಕೊಳ್ಳಬಹುದಿತ್ತು.

ನಾನು ಅತ್ತೆಯತ್ತ ನೋಡಿದೆ. ಈಗ ಬಾಯಿ ಬಿಡುತ್ತಾಳೆ, ದೊಡ್ಡಮ್ಮನ ಜನ್ಮ ಜಾಲಾಡುತ್ತಾಳೆ ಎಂದು ಕಾದೆ. ಅತ್ತೆ ಕುರ್ಚಿಯಲ್ಲಿ ಕೂತು ಉಪ್ಪಿಟ್ಟಿನೊಳಗೆ ಗೋಡಂಬಿ ಹುಡುಕುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ಗೋಡಂಬಿಗೆ ಹೋದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಗ್ಲೌಸ್ ಕಿತ್ತು ದೊಡ್ಡಮ್ಮನ ಕೈಗಿಟ್ಟೆ.

"ಬರಿಗೈಲೇ ಹಿಡೀತೀನಿ ದೊಡ್ಡಮ್ಮ. ಬೇಡ ಅಂದ್ರೆ ಬೇರೆಯವ್ರಿಗೆ ಕೊಡಿ."

ವಾಲಗ ಶುರುವಾಗಿತ್ತು, ಬೇರೆಯವರನ್ನು ಹುಡುಕಲು ಹೊತ್ತಿರಲಿಲ್ಲ. ಗಂಡಿನ ಕಡೆಯವರು ಕಾಫಿ ತಣ್ಣಗಿದೆಯೆಂದು ಜಗಳವಾಡುವುದರಲ್ಲಿ ಮುಳುಗಿದ್ದರಿಂದ ನನ್ನ ಕೈ ನೋಡಲು ಅವರಿಗೆ ಪುರುಸೊತ್ತಾಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆಯ ಜೊತೆ ಮಾತು ಬಿಟ್ಟೆ. ಕೊನೆಗೆ ತಡೆಯಲಾರದೆ, "ಯಾಕೆ ಸುಮ್ನೆ ಕೂತಿದ್ದೆ?" ಎಂದು ಕೇಳಿದೆ.

"ಎಷ್ಟು ವರ್ಷ ಅಂತ ನಿನ್ನ ಲೈನು ನಾನು ಕನೆಕ್ಟ್ ಮಾಡ್ಲಿ ಮಾರಾಯ್ತಿ? ನಂಗೆ ರಿಟೈರ್ ಆಗಿದೆ."

ನಾನು ಗ್ಲೌಸ್ ಕೀಳುವ ಹೊತ್ತಿಗೆ ಅವಳು ತಟ್ಟೆ ಕೆಳಗಿಟ್ಟು ಕುರ್ಚಿಯಿಂದ ಅರ್ಧ ಎದ್ದಿದ್ದಳೆಂದು ಅಮ್ಮ ಆಮೇಲೆ ಹೇಳಿದಳು.

ಹೋದ ವರ್ಷ ಶಂಕರಘಟ್ಟದಲ್ಲಿ ಎಂ.ಎ.ಗೆ ಸೇರುವಾಗ ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆ. ಸ್ಟುಡಿಯೋದವನು ಕೇಳದೆಯೇ ಕಂಪ್ಯೂಟರಿನಲ್ಲಿ ಮಚ್ಚೆಯನ್ನೆಲ್ಲ ಒರೆಸಿಹಾಕಿ, "ನೋಡಿ ಮೇಡಂ, ಹೀರೋಯಿನ್ ಥರ ಮಾಡಿದೀನಿ" ಎಂದ.

"ಇವ್ರು ಯಾರೋ ನಂಗೆ ಗೊತ್ತಿಲ್ಲ. ನನ್ನ ಫೋಟೋ ಕೊಡಿ" ಎಂದೆ. ಗೊಣಗುತ್ತ ಮಚ್ಚೆಗಳನ್ನು ವಾಪಸ್ ತಂದ.

ಅದನ್ನು ಅತ್ತೆಗೆ ತೋರಿಸಲು ಓಡಿಬಂದೆ. ಆ ಹೊತ್ತಿಗೆ ಅವಳು ಕಿಡ್ನಿ ಕೈಕೊಟ್ಟು ಹಾಸಿಗೆ ಹಿಡಿದಿದ್ದಳು. ಸ್ಟುಡಿಯೋದ ಕಥೆಯನ್ನು ಅಭಿನಯ ಸಮೇತ ಹೇಳಿ, ಹೊಗಳಿಕೆಗಾಗಿ ಕಾದು ಕೂತೆ. ಅತ್ತೆ ಕನ್ನಡಕ ಹಾಕಿಕೊಂಡು ಫೋಟೋವನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ಮೂಗು ಯಾಕೇ ಇಷ್ಟು ದಪ್ಪ ಬಂದಿದೆ? ಅದನ್ನಾದ್ರೂ ಸ್ವಲ್ಪ ಸಣ್ಣ ಮಾಡ್ಸ್ಬಾರ್ದಿತ್ತಾ?"

ಆ ತಿಂಗಳೇ ಹೋಗಿಬಿಟ್ಟಳು. ಶಂಕರಘಟ್ಟದ ಬಸ್ಸಿನಲ್ಲಿ ಜನ ಈಗಲೂ ನನ್ನನ್ನು ದಿಟ್ಟಿಸಿ ನೋಡುತ್ತಾರೆ, ನಾನೂ ಅವರನ್ನು ಹಾಗೆಯೇ ನೋಡುತ್ತೇನೆ. ಮೂಗಿನ ಬಗ್ಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ.